ಅಂಟಿನ ಮಡಿಕೆಯೊಳಗಿನ ತಾರೀಖು

ಪೊಟ್ಟಣಗಳ ಮೇಲೆ ತಾರೀಖು ಹೇಗಿರಬೇಕೆಂದು ಗೊತ್ತುಮಾಡುವ ಆಹಾರ ಸುರಕ್ಷತಾ ಅಧಿಕಾರಿಗಳೇ,

ನಿಯಮದಲ್ಲಿ ಯಾವ ಲೋಪವೂ ಇಲ್ಲವೆಂದು ತಮ್ಮ ಕಚೇರಿ ನನಗೆ ಬರೆದು ತಿಳಿಸಿದೆ. ಸಂತೋಷ. ಲೋಪವಿಲ್ಲದ ಆ ನಿಯಮದ ದೆಸೆಯಿಂದ ನನ್ನ ಹೆಂಡತಿ ನಲವತ್ತು ದಿನಗಳಿಂದ ಮೊಮ್ಮಗಳನ್ನು ಎತ್ತಿಕೊಂಡಿಲ್ಲ. ನನ್ನ ದೂರು ಇಷ್ಟೇ.

ನಾವು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು. ಮಾಲೀಕರಿಂದ ನೂಲು ಬಂದರೆ ಜೊತೆಗೊಂದು ಚೀಟಿ ಬರುತ್ತದೆ. ಅದರ ಮೇಲಿನ ತಾರೀಖು ನೂಲು ಕೊಟ್ಟ ದಿನದ್ದು. ಅಲ್ಲಿಂದ ದಿನ ಎಣಿಸಿ ಸೀರೆ ಒಪ್ಪಿಸಬೇಕು. ನನ್ನ ಹೆಂಡತಿ ಈಶ್ವರಮ್ಮನಿಗೆ ಮೂವತ್ತು ವರ್ಷದಿಂದ ತಾರೀಖು ಅಂದರೆ ಎಣಿಕೆ ಶುರುವಾಗುವ ದಿನ. ಮೊದಲು ನಾವು ತರುತ್ತಿದ್ದ ಪೊಟ್ಟಣಗಳೂ ಹಾಗೇ ಇದ್ದವು: ತಯಾರಾದ ದಿನದಿಂದ ಇಷ್ಟು ತಿಂಗಳು ಅಂತ ನಾವೇ ಎಣಿಸಿಕೊಳ್ಳುತ್ತಿದ್ದೆವು. ಈ ಸಲ ಮಗುವಿನ ಹಿಟ್ಟಿನ ಪೊಟ್ಟಣದ ಮೇಲೆ ಎರಡು ತಾರೀಖುಗಳಿದ್ದವು. ತಯಾರಾದ ದಿನ ಅಂಟಿಸಿದ ಮಡಿಕೆಯೊಳಗೆ ಸಿಕ್ಕಿಕೊಂಡಿತ್ತು. ಹೊರಗೆ ಕಂಡದ್ದು ಅವಧಿ ಮುಗಿಯುವ ದಿನ ಮಾತ್ರ. ಅದರ ಪಕ್ಕದ ಮಾತೋ ಇಂಗ್ಲಿಷಿನಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ. ಈಶ್ವರಮ್ಮ ಅಂಕಿ ನೋಡಿದಳು, ಮಾಡಿ ಇನ್ನೂ ಎರಡೇ ತಿಂಗಳಾಗೈತೆ ಅಂದುಕೊಂಡಳು, ಕಲಸಿ ತಿನ್ನಿಸಿದಳು.

ಸಂಜೆಗೆ ವಾಂತಿ, ಭೇದಿ. ಆಸ್ಪತ್ರೆಯಲ್ಲಿ ಮೂರು ದಿನ ಗ್ಲೂಕೋಸ್. ಒಂಬತ್ತು ತಿಂಗಳ ಕೂಸಿನ ಕೈಯಲ್ಲಿ ನರ ಸಿಗದೆ ಕಾಲಿಗೆ ಸೂಜಿ ಚುಚ್ಚಿದರು. ಹಿಟ್ಟಿನಿಂದಲೇ ಅಂತ ಹೇಳಲಾಗದು, ನೀರಿನಿಂದಲೂ ಇರಬಹುದು ಅಂದರು ಡಾಕ್ಟರು. ಆದರೆ ಪೊಟ್ಟಣದ ಆ ತಾರೀಖಿಗೇ ಹಿಟ್ಟಿನ ಅವಧಿ ಮುಗಿದಿತ್ತೆಂದು ಬಿಡಿಸಿ ಹೇಳಿದ ನರ್ಸಮ್ಮನ ಮಾತೊಂದೇ ಈಶ್ವರಮ್ಮನ ಕಿವಿಯಲ್ಲಿ ಉಳಿಯಿತು. ಮಗು ಈಗ ಆರಾಮಾಗಿದೆ, ದೇವರು ದೊಡ್ಡವನು. ಅಂಬೆಗಾಲಿಟ್ಟು ಅಜ್ಜಿಯ ಕಡೆ ಹೋಗುತ್ತದೆ, ಅಜ್ಜಿ ಎದ್ದು ಒಳಗೆ ಹೋಗುತ್ತಾಳೆ. ಸೊಸೆ ಮೌನಿಕಾ ಅತ್ತೆಯನ್ನು ದೂರಿದವಳಲ್ಲ. ತಾನೇ ಮಗುವನ್ನು ತಂದು ಅತ್ತೆಯ ಮಡಿಲಲ್ಲಿ ಕೂರಿಸಲು ನೋಡಿದಳು. ಈಶ್ವರಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. "ಬ್ಯಾಡ ಕಣವ್ವ. ಈ ಕೈಯಿಂದ್ಲೇ ತಿನ್ಸಿದ್ದು ನಾನು" ಅಂದಳು.

ಗ್ರಾಹಕರು ಲೇಬಲ್ ಓದಿಯೇ ಖರೀದಿಸತಕ್ಕದ್ದು ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಸಾವಿರಾರು ಎಳೆಗಳ ನಡುವೆ ಕಡಿದ ಒಂದೆಳೆಯನ್ನು ಹುಡುಕಿ ಗಂಟು ಹಾಕುವವಳಿಗೆ ಕಾಣದ ಅಕ್ಷರ ಇನ್ಯಾರಿಗೆ ಕಾಣಲೆಂದು ಅಚ್ಚಾಗಿದೆ, ಸ್ವಾಮಿ? ಸೇಬಿನ ಚಿತ್ರಕ್ಕೆ ಅಂಗೈಯಗಲ ಜಾಗ ಸಿಕ್ಕ ಪೊಟ್ಟಣದಲ್ಲಿ ತಾರೀಖಿಗೆ ಬೆರಳಗಲ ಸಿಗಲಿಲ್ಲವೇ? ಅವಧಿ ಮುಗಿದದ್ದನ್ನು ಮಾರಿದ ಚಳ್ಳಕೆರೆಯ ಅಂಗಡಿಯವನನ್ನು ಕೇಳಿದರೆ, ನೋಡಿ ತಗೋಬೇಕಪ್ಪ ಅಂದ. ನಿಜ, ನೋಡಬೇಕಿತ್ತು. ಎಸ್ಸೆಸ್ಸೆಲ್ಸಿ ಓದಿದವನು ನಾನು, ಇಂಗ್ಲಿಷ್ ಕೂಡಿಸಿ ಓದಬಲ್ಲೆ. ಬಸ್ಸು ಹೊರಡುತ್ತದೆಂದು ನೋಡದೆ ತಂದವನೂ ನಾನೇ. ಎಷ್ಟು ಸಲ ಇದನ್ನು ಹೇಳಿದರೂ ಈಶ್ವರಮ್ಮ ನಂಬುತ್ತಿಲ್ಲ, ಸಮಾಧಾನಕ್ಕೆ ಅನ್ನುತ್ತೀ ಅನ್ನುತ್ತಾಳೆ.

ಕೊನೆಯ ದಿನ ಯಾವುದೆಂದು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಪೊಟ್ಟಣದ ಮುಂಭಾಗದಲ್ಲೇ ಅಚ್ಚು ಹಾಕಿಸಿ. ಅದಕ್ಕೆ ಸಮಿತಿ, ಸಭೆ, ವರ್ಷಗಳು ಬೇಕಾದಾವು, ಕಾಯುತ್ತೇವೆ. ಆದರೆ ಈ ವಾರವೇ ನಿಮ್ಮ ಕಚೇರಿಯ ಕಾಗದದಲ್ಲಿ ಒಂದು ಸಾಲು ಬರೆದು, ಸೀಲು ಹಾಕಿ, ನನ್ನ ಹೆಂಡತಿಯ ಹೆಸರಿಗೆ ಕಳಿಸಿ. ಕನ್ನಡ ನಿಧಾನಕ್ಕೆ ಓದುತ್ತಾಳೆ, ಸರ್ಕಾರದ ಸೀಲನ್ನು ನಂಬುತ್ತಾಳೆ. ಹೀಗೆ ಬರೆದರೆ ಸಾಕು: "ಈಶ್ವರಮ್ಮ, ತಪ್ಪು ನಿಮ್ಮದಲ್ಲ. ಮಗುವನ್ನು ಎತ್ತಿಕೊಳ್ಳಿ."

ಇಂತಿ,
ಓದು ಬಂದೂ ಓದದೆ ಹೋದ
ಚೌಡೇಶ, ನೇಕಾರ, ಮೊಳಕಾಲ್ಮೂರು