ಪಾಕ ನೋಡುವ ಬಾಯಿ

ಜನವರಿ 19, ಸೋಮವಾರ

ಇವತ್ತೂ ಕಾರ್ವಿಂಗ್ ರಿಜೆಕ್ಟ್. ಮೇಣದಲ್ಲಿ ಕೋರೆಹಲ್ಲು ಕೆತ್ತು ಅಂದರೆ ಕಡಲೆಕಾಯಿ ಕೆತ್ತಿದ್ದೀಯಲ್ಲ ಎಂದರು ಮೇಡಂ, ಎಲ್ಲರೆದುರು. ಇಡೀ ಬ್ಯಾಚ್ ನಕ್ಕಿತು. ಬಿಡಿಎಸ್ ಅಂತೆ, ಡಾಕ್ಟರ್ ಅಂತೆ. ಥೂ.

ಸಂಜೆ ಚೆನ್ನೈಯ ರಾಯಪುರದ ಮನೆಯಿಂದ ಅಮ್ಮನ ಫೋನ್. ಅಪ್ಪನಿಗೆ ಮತ್ತೆ ಜ್ವರ. ಇದು ಮೂರನೇ ವಾರ. ಸಂಜೆ ಏರುತ್ತದೆ, ಬೆಳಿಗ್ಗೆ ಬೆವರಿ ಇಳಿಯುತ್ತದೆ, ಎದ್ದು ಹೋಟೆಲಿಗೆ ಹೋಗುತ್ತಾರೆ.

“ಕಷಾಯ ಕೊಟ್ಟಿದ್ದೇನೆ. ನೀನು ಓದು.”

ಓದು! ಈ ಮನೆಯಲ್ಲಿ ಎಲ್ಲದಕ್ಕೂ ಇದೊಂದೇ ಉತ್ತರ.

ಜನವರಿ 22, ಗುರುವಾರ

ವಸಡಿನ ಕಾಯಿಲೆ ಬಗ್ಗೆ ಗೆಸ್ಟ್ ಲೆಕ್ಚರ್. ಅರ್ಧ ನಿದ್ದೆಯಲ್ಲಿದ್ದೆ. ಆಮೇಲೆ ಒಂದು ಸ್ಲೈಡ್ — ಹೃದಯದ ವಾಲ್ವ್, ಅದರ ಮೇಲೆ ಹೂಕೋಸಿನ ಹಾಗೆ ಏನೋ ಬೆಳೆದಿದೆ. ದಿನವಿಡೀ ಸಿಹಿ ಬೀಳುವ ಬಾಯಿ, ಕೊಳೆ ಕಟ್ಟಿದ ಹಲ್ಲು, ರಕ್ತ ಸುರಿಯುವ ವಸಡು. ಅಲ್ಲಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತದೆ. ಗಟ್ಟಿ ಹೃದಯವಾದರೆ ಹೆಚ್ಚಾಗಿ ಏನೂ ಆಗುವುದಿಲ್ಲ. ಮೊದಲೇ ಹಾಳಾದ ವಾಲ್ವ್ ಇದ್ದರೆ ಅಲ್ಲೇ ಕೂತು ಮನೆ ಮಾಡುತ್ತದೆ. ಲಕ್ಷಣ: ವಾರಗಟ್ಟಲೆ ಬಿಡದ ಜ್ವರ.

ಅಪ್ಪನಿಗೆ ಹನ್ನೆರಡನೇ ವಯಸ್ಸಿಗೆ ಕೀಲು ಜ್ವರ ಬಂದಿತ್ತು. ಅಂದಿನಿಂದ ವಾಲ್ವ್ ಸೋರುತ್ತದೆ.

ನೋಟ್ಸ್ ಬರೆಯಲಿಲ್ಲ.

ಜನವರಿ 25, ಭಾನುವಾರ

ಸೌಕಾರ್‌ಪೇಟೆಗೆ ಹೋದೆ, ನೇರ ಹೋಟೆಲಿನ ಅಡುಗೆಮನೆಗೆ. ಅಪ್ಪ ಅಲ್ಲಿ ಮೂವತ್ತು ವರ್ಷದಿಂದ ಸ್ವೀಟ್ ಮಾಸ್ಟರ್. ಬೇರೆಯವರು ಸಕ್ಕರೆ ಪಾಕದ ಎಳೆಯನ್ನು ಎರಡು ಬೆರಳ ನಡುವೆ ನೋಡುತ್ತಾರೆ. ಇವರು ನಾಲಗೆಯ ಮೇಲೆ ಬಿಟ್ಟುಕೊಳ್ಳುತ್ತಾರೆ. ದಿನಕ್ಕೆ ಮೂವತ್ತು ಸಲ. ನಡುವೆ ಕಾಫಿ. ಊಟದ ಹೊತ್ತಿಗೆ ಮುರಿದ ಮೈಸೂರ್‌ಪಾಕ್.

“ಬಾಯಿ ತೆಗೀರಿ ಅಪ್ಪ.”

“ಎಂತ ಮಾರಾಯ್ತಿ, ಇಲ್ಲಿಯಾ?” ನಗುತ್ತಾ ತೆಗೆದರು. ಮೊಬೈಲ್ ಟಾರ್ಚ್ ಹಿಡಿದೆ. ವಸಡು ಊದಿ ನೇರಳೆ. ಹಲ್ಲಿನ ಬುಡದಲ್ಲಿ ಕಂದು ಗಾರೆ. ಮುಟ್ಟಿದರೆ ರಕ್ತ.

“ಬ್ರಶ್ ಮಾಡುದಿಲ್ವಾ ನೀವು?”

“ಇಲ್ಲ. ಮೂರು ತಿಂಗಳಾಯ್ತು. ನೀನೇ ಹೇಳಿದ್ದಲ್ವಾ, ರಕ್ತ ಬಂದ್ರೆ ಬ್ರಶ್ ಮುಟ್ಬೇಡಿ ಅಂತ?”

ಎಷ್ಟು ಹೆಮ್ಮೆಯಿಂದ ಹೇಳಿದರು! ಪಕ್ಕದ ಒಲೆಯ ಗುರುಚರಣ ಕೂಡ ಹಲ್ಲು ಕಿರಿದ: “ನಾನು ಸಹ ಬಿಟ್ಟಿದ್ದೇನೆ ಡಾಕ್ಟ್ರಮ್ಮ.”

ಅಕ್ಟೋಬರ್. ಕಾಲೇಜು ಸೇರಿ ಎರಡು ವಾರ. ಅಪ್ಪ ಫೋನ್ ಮಾಡಿದಾಗ ಮೆಸ್ ಕ್ಯೂನಲ್ಲಿದ್ದೆ, ಹಿಂದೆ ಸೀನಿಯರ್ಸ್. ಅವರಿಗೆ ಕೇಳಲಿ ಎಂದೇ ಜೋರಾಗಿ, ಡಾಕ್ಟರ್ ದನಿಯಲ್ಲಿ — ಬ್ಲೀಡಿಂಗ್ ಇದ್ದರೆ ಬ್ರಶ್ ಸ್ಟಾಪ್ ಮಾಡಿ. ಆಗ ನನಗೆ ಗೊತ್ತಿದ್ದುದು ಹಲ್ಲುಗಳ ನಂಬರ್ ಮಾತ್ರ. ಎಷ್ಟು ದಿನ ಅಂತಲೂ ಹೇಳಲಿಲ್ಲ. ಮತ್ತೆ ಕೇಳಲೂ ಇಲ್ಲ.

ಆಸ್ಪತ್ರೆ ಅಂದೆ. ಧಣಿಗಳು ಗಲ್ಲಾ ಬಿಟ್ಟು ಒಳಗೆ ಬಂದರು. “ಮದುವೆ ಸೀಸನ್ ಮಗಾ. ಫೆಬ್ರವರಿ ಕಳೀಲಿ, ನಾನೇ ತೋರಿಸ್ತೇನೆ.” ಕಿರುಚಿದೆ. ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬೈಯಲು ನನಗೆ ಬರುವುದೇ ಇಲ್ಲ. ಏಳನೇ ವರ್ಷಕ್ಕೆ ಹಾಸ್ಟೆಲಿಗೆ ಹಾಕಿದರೆ ಎಲ್ಲಿಂದ ಬರಬೇಕು? ಅಪ್ಪನ ಕೈಯಿಂದ ಸೌಟು ಕಿತ್ತುಕೊಂಡೆ. ಆಗ ಎದ್ದರು.

ಜನವರಿ 28, ಬುಧವಾರ

ಅಡ್ಮಿಟ್. ಫೈಲಿನ ಮೇಲೆ ಅಪ್ಪನ ಹೆಸರು, ಸುಬ್ರಾಯ. ಮೂರು ಸಲ ರಕ್ತ ತೆಗೆದರು. ಎಕೋ ಆಯಿತು. ವಾಲ್ವ್ ಮೇಲೆ ಹನ್ನೊಂದು ಮಿಲಿಮೀಟರ್ ಗಂಟು. ರಕ್ತದಲ್ಲಿ ಬಾಯಿಯದೇ ಬ್ಯಾಕ್ಟೀರಿಯಾ. ಆರು ವಾರ ಡ್ರಿಪ್. ತುಂಡೊಂದು ಕಳಚಿ ಮೆದುಳಿಗೆ ಹೋದರೆ...

ಹಲ್ಲು ಯಾಕೆ ಉಜ್ಜಲಿಲ್ಲ, ಯಾರು ಬೇಡ ಅಂದದ್ದು ಎಂದು ಡಾಕ್ಟರ್ ತಮಿಳಿನಲ್ಲಿ ಕೇಳಿದರು. ಅಪ್ಪ ನನ್ನ ಕಡೆ ನೋಡಲೇ ಇಲ್ಲ.

“ಯಾರುಮೇ ಸೊಲ್ಲಲೆ ಸಾರ್. ಎನ್ ಸೋಂಬೇರಿತನಂ.”

ಯಾರೂ ಹೇಳಲಿಲ್ಲವಂತೆ, ಸೋಮಾರಿತನವಂತೆ! ಮೂರೂವರೆಗೆ ಎದ್ದು ಒಲೆ ಹಚ್ಚುವ ಮನುಷ್ಯ! ಮಗಳು ಡೆಂಟಲ್ ಓದುತ್ತಾಳೆ, ನಿಮಗೆ ನಾಚಿಕೆಯಿಲ್ಲವೇ ಎಂದು ಡಾಕ್ಟರ್ ವಾರ್ಡಿಗೆಲ್ಲ ಕೇಳುವಂತೆ ಬೈದರು. ಅಪ್ಪ ತಲೆಯಾಡಿಸುತ್ತಲೇ ಇದ್ದರು. ನಾನು ಫೈಲ್ ಹಿಡಿದು ನಿಂತಿದ್ದೆ.

ಸುಳ್ಳು ಹೇಳಿ ಎಂದು ಇವರನ್ನು ಕೇಳಿದವರು ಯಾರು?

ಫೆಬ್ರವರಿ 6, ಶುಕ್ರವಾರ

ಜ್ವರ ಇಳಿಯಲಿಲ್ಲ. ವಾಲ್ವ್ ಹರಿದು ಹೋಗುತ್ತಿದೆ. ನಾಳೆ ಆಪರೇಷನ್. ಕೆಟ್ಟ ಹಲ್ಲು ಐದು, ನಿನ್ನೆಯೇ ಕಿತ್ತರು.

ಅಮ್ಮ ಎಲ್ಲರಿಗೂ ಹೇಳುತ್ತಿದ್ದಾಳೆ — “ನಮ್ಮ ಚೈತನ್ಯಾ ಬಾಯಿ ನೋಡಿದ್ದಕ್ಕೆ ಗೊತ್ತಾದದ್ದು. ಅವಳೇ ಕಾಪಾಡಿದ್ದು.” ಪಕ್ಕದ ಬೆಡ್ಡಿನ ಅಜ್ಜಿ ನನ್ನ ಕೆನ್ನೆ ಸವರಿತು. ಬಾತ್‌ರೂಮಿಗೆ ಹೋಗಿ ಗೋಡೆಗೆ ಗುದ್ದಿದೆ. ಗೆಣ್ಣು ಸುಲಿದಿದೆ, ಪೆನ್ ಹಿಡಿಯಲು ಕಷ್ಟ.

ಫೆಬ್ರವರಿ 7, ಶನಿವಾರ, ಮಧ್ಯಾಹ್ನ 1.20

ಏಳಕ್ಕೆ ಒಳಗೆ ಕರೆದುಕೊಂಡು ಹೋದರು. ಐದು ಗಂಟೆ ಹಿಡಿಯುತ್ತದೆ ಅಂದಿದ್ದರು. ಆರು ದಾಟಿತು. ಯಾರೂ ಹೊರಗೆ ಬರುತ್ತಿಲ್ಲ.

ಅಮ್ಮನಿಗೆ ಹೇಳಿಬಿಟ್ಟೆ. ಬೆಂಚಿನ ಮೇಲೆ, ಅವಳ ಮುಖ ನೋಡದೆ. ಬ್ರಶ್ ಬೇಡ ಅಂದದ್ದು ನಾನು. ಏನೂ ಗೊತ್ತಿಲ್ಲದೆ, ಶೋ ಮಾಡಲು.

“ಗೊತ್ತುಂಟು. ಆ ದಿನ ಫೋನ್ ಸ್ಪೀಕರಲ್ಲಿತ್ತು.”

“ಮತ್ತೆ ಬೈಯುದಿಲ್ವಾ? ಇಷ್ಟು ದಿನ ನನ್ನನ್ನು ಹೊಗಳಿಕೊಂಡು ತಿರುಗಿದ್ದಲ್ಲ?”

“ಬೈದ್ರೆ ನೀನು ಇನ್ನು ಯಾರದ್ದಾದ್ರೂ ಬಾಯಿ ನೋಡ್ತೀಯಾ?”

ಸಿಟ್ಟು ಬಂತು. ಎಷ್ಟು ಅಂದರೆ... ಇಬ್ಬರೂ ಸೇರಿ ಪ್ಲ್ಯಾನ್ ಮಾಡಿದ್ದಾರೆ. ನನ್ನ ತಪ್ಪನ್ನು ನನ್ನಿಂದಲೇ ಕಸಿದು ಬಚ್ಚಿಟ್ಟಿದ್ದಾರೆ. ಅಪ್ಪ ಹೊರಗೆ ಬರಲಿ. ಮೊದಲು ಅವರ ಹತ್ತಿರ ಜಗಳ. ಅವರೇ ನನ್ನನ್ನು ಬೈಯಬೇಕು, ಆ ಡಾಕ್ಟರ್ ಎದುರೇ, ಗಟ್ಟಿಯಾಗಿ. ಅದಕ್ಕಾದರೂ ಹೊರಗೆ ಬರ—

ಬಾಗಿಲು ತೆರೆಯಿತು. ಸುಬ್ರಾಯ ಅವರ ಕಡೆಯವರು ಯಾರು ಎಂದು ನರ್ಸ್ ಕರೆಯು—