ಫರಸಿಯ ಮೇಲಿನ ಒಂದು ಲಕ್ಷದ ಮೂರು

ಹಟಮಾರಿ ಮಾವನವರಿಗೆ, ನಿಮ್ಮಷ್ಟೇ ಹಟದ ಸೊಸೆಯ ನಮಸ್ಕಾರ.

ಮದುವೆಯಾಗಿ ಅಗರಖೇಡದಿಂದ ಮುದ್ದೇಬಿಹಾಳಕ್ಕೆ ಬಂದ ಮೊದಲ ವಾರ ನೆನಪಿದೆಯೇ? ಪಡಸಾಲೆಯ ಕರಿ ಫರಸಿ ಕಲ್ಲಿನ ಮೇಲೆ ಸೀಮೆಸುಣ್ಣ ಹಿಡಿದು ಕೂತಿದ್ದಿರಿ. ಆಲಮಟ್ಟಿಯ ಕಾಲುವೆ ಕಚೇರಿಯಿಂದ ನಿವೃತ್ತರಾದವರು ಪೇಪರ್ ಓದುವುದು ಬಿಟ್ಟು ಭಾಗಾಕಾರ ಮಾಡುವುದನ್ನು ನಾನೆಲ್ಲಿ ಕಂಡಿದ್ದೆ? "ಒಂದು ಲಕ್ಷದ ಒಂದು ಹನ್ನೊಂದಕ್ಕ ಒಡೀತೈತಿ. ಒಂದು ಲಕ್ಷದ ಎರಡು ಸರಿಸಂಖ್ಯೆ, ಅದನ್ನ ಬಿಡು. ಈ ಮೂರು ಐತಲ್ಲ ಯವ್ವಾ, ಯಾತಕ್ಕೂ ಒಡೀವಲ್ದು," ಅಂದಿರಿ. ಗಣಿತದ ಹುಚ್ಚು ನನಗೂ ಇತ್ತು. ಪಕ್ಕದಲ್ಲೇ ಕೂತುಬಿಟ್ಟೆ.

ದಿನಕ್ಕೆ ಒಂದೆರಡು ಲೆಕ್ಕ, ಒಂದೊಂದಕ್ಕೆ ಒಂದು ಫರಸಿ. ಅವಿಭಾಜ್ಯ ಸಂಖ್ಯೆಗಳಿಂದ 313ರವರೆಗೆ ಭಾಗಿಸಿದರೆ ಸಾಕು ಎಂದು ಕಲಿಸಿದವರು ನೀವೇ. ಮುಂದಿನ 317ನ್ನು 317ರಿಂದಲೇ ಗುಣಿಸಿದರೆ ನಮ್ಮ ಸಂಖ್ಯೆಯನ್ನೇ ದಾಟಿಬಿಡುತ್ತದಲ್ಲ!

ಆ ಸೋಮವಾರ ಬೆಳಿಗ್ಗೆ ನಾನು ಎಂದಿನಂತೆ ನೆಲ ಒರೆಸಿದೆ. ನೀವು ಚಹಾ ಮುಗಿಸಿ ಬಂದು ತಲೆಯ ಮೇಲೆ ಕೈ ಹೊತ್ತಿರಿ.

"ನೀ ಒರಸಿದ್ದರಾಗನ ಉತ್ತರ ಇತ್ತಲ್ಲಬೇ! ಶೇಷ ಸೊನ್ನಿ ಬಂದಿತ್ತು!"

"ಯಾವ ಸಂಖ್ಯೆಗ್ರೀ, ಮಾವಾರ?"

"ಅದ ನೆನಪಿಲ್ಲ!"

ಸಿಂದಗಿಯಿಂದ ನೆಂಟರು ಬಂದರೂ ಅದೇ ಕಥೆ: "ನಮ್ಮ ಸೊಸಿ ಲಕ್ಷದ ಲೆಕ್ಕ ಒರಸಿದಾಕಿ." ಎಲ್ಲರೊಡನೆ ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಚುರ್ ಅನ್ನುತ್ತಿತ್ತು. ನಿಜಕ್ಕೂ ಉತ್ತರವನ್ನೇ ಒರೆಸಿದ್ದೆನೇ? ಮತ್ತೆ ಮಾಡೋಣ ಎಂದರೆ ನೀವು ಒಪ್ಪಲಿಲ್ಲ. ಕೊನೆಗೆ ಆ ಮಾತನ್ನು ಹಾಗೇ ಬಿಟ್ಟು ಹೋಗಿಯೇಬಿಟ್ಟಿರಿ...

ನಿಮ್ಮ ವರ್ಷದ ತಿಥಿ ಮುಗಿದ ಮೇಲೆ ನಾನೇ ಸೀಮೆಸುಣ್ಣ ಹಿಡಿದೆ. ಶೇಷ ಸೊನ್ನೆ ಬಂದಿತ್ತೆಂಬ ನಿಮ್ಮ ಮಾತು ಸುಳ್ಳೆಂದು ತೋರಿಸಲೇಬೇಕಿತ್ತು. 7ಕ್ಕೆ ಒಂದು ಉಳಿಯಿತು. 23ಕ್ಕೆ ಉಳಿದದ್ದು 22; ಇನ್ನೊಂದು ಇದ್ದಿದ್ದರೆ ಒಡೆದೇಹೋಗುತ್ತಿತ್ತು. ಹೀಗೆ ಅರವತ್ತನಾಲ್ಕು ಲೆಕ್ಕ ಮುಗಿದವು.

ಮೊನ್ನೆ ಕೊನೆಯದಾದ 313ಕ್ಕೆ ಬಂದಾಗ ಏನಾಯಿತು ಗೊತ್ತೇ? ಗೆಲ್ಲಲೆಂದು ಹೊರಟವಳು, "ಒಡೀಲಪ್ಪಾ, ಇದಕ್ಕಾದರೂ ಒಡೀಲಿ" ಎಂದು ಬೇಡಿಕೊಳ್ಳುತ್ತಿದ್ದೆ. ಒಡೆದಿದ್ದರೆ ನಿಮ್ಮ ಮಾತು ನಿಜವಾಗುತ್ತಿತ್ತಲ್ಲ! 156 ಉಳಿಯಿತು. ಒಂದು ಲಕ್ಷದ ಮೂರು ಅವಿಭಾಜ್ಯ, ಮಾವಾರ. ನೀವು ಎಲ್ಲೋ ಕಳೆಯುವಾಗ ಎಡವಿದ್ದಿರಿ. ನಾನು ಒರೆಸಿದ್ದು ತಪ್ಪು ಲೆಕ್ಕವನ್ನು. ಹಗುರಾಯಿತು, ಅಳುವೂ ಬಂತು.

ಅತ್ತೆ ಬಾಗಿಲಲ್ಲೇ ನಿಂತು ಕೇಳಿದರು, "ಯಾರ ಗೆದ್ರವ್ವಾ?"

"ನಾನ್ರೀ, ಅತ್ತಿ."

"ಅವರು ಇದ್ದಿದ್ರ ಸುಮ್ಮನ ಒಪ್ಪತಿದ್ರೇನು? ಇನ್ನೊಮ್ಮಿ ಮಾಡಿ ತೋರಸು ಅಂತಿದ್ರು."

ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಹಾಗೇ ಅನ್ನುತ್ತಿದ್ದಿರಿ, ಅಲ್ಲವೇ? ಆಗಲಿ. ನಾಳೆ ಎರಡರಿಂದ ಮತ್ತೆ ಶುರು ಮಾಡುತ್ತೇನೆ. ಈ ಸಲ ನೀವೇ ಗೆದ್ದರೂ ನನ್ನ ತಕರಾರಿಲ್ಲ.

ನಿಮ್ಮ ಸೊಸೆ