ಬೆಬಿಂಕದ ಉಳಿದ ಪದರಗಳು

ಇನೇಸ್,

ಎಬ್ಬಿಸಿ ಹೇಳಲು ಮನಸ್ಸು ಬರಲಿಲ್ಲ. ನಿನ್ನ ಪಪ್ಪ ಬೆಳಗಿನ ಜಾವ ಮಡಗಾಂವ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಷ್ಟು ವರ್ಷ ಅವರ ಜೊತೆಗಿದ್ದಳಲ್ಲ, ಅವಳೇ ಫೋನ್ ಮಾಡಿದಳು. "ಹೆಂಡತಿ ಸಹಿ ಹಾಕದಿದ್ರೆ ದೇಹ ಕೊಡಲ್ವಂತೆ, ಬಾಯಿ. ನನ್ನ ಸಹಿ ನಡೆಯಲ್ವಂತೆ" ಎಂದು ಅತ್ತಳು. ಹೋಗುತ್ತಿದ್ದೇನೆ.

ಒಲೆಯ ಮೇಲೆ ಬೆಬಿಂಕ ಸಿಹಿ ನಾಲ್ಕು ಪದರ ಆಗಿದೆ. ಉಳಿದದ್ದನ್ನು ನೀನು ಹಾಕು. ನಮಗೆ ಈ ಸಲ ನಾತಾಳದ ಹಬ್ಬವಿಲ್ಲ, ಆದರೆ ಇದು ಪಕ್ಕದ ಮನೆಯ ಬೆರ್ತಾ ಬಾಯಿಗೆ ಮಾಡಿಕೊಡುತ್ತೇನೆಂದು ಒಪ್ಪಿಕೊಂಡದ್ದು. ಪದರ ಪದರಕ್ಕೂ ತುಪ್ಪ ಸವರು. ಒಂದು ಕೆಂಪಗಾಗದೆ ಇನ್ನೊಂದು ಸುರಿಯಬೇಡ. ನಿನಗೆ ಯಾವಾಗಲೂ ಅವಸರ.

ನಿನಗೆ ಇದನ್ನು ಹೇಳಿರಲಿಲ್ಲ. ನೀನು ತೊಟ್ಟಿಲಲ್ಲಿದ್ದ ವರ್ಷ, ನಾತಾಳದ ಹಿಂದಿನ ದಿನ, ಅವರು ಇದೇ ಒಲೆಯ ಪಕ್ಕ ನಿಂತು, "ಎಸ್ಪೆರಾನ್ಸ, ನಾನಿನ್ನು ಈ ಮನೇಲಿ ಇರಲ್ಲ" ಎಂದರು. "ಸ್ವಲ್ಪ ತಡೀರಿ, ಪದರ ಸೀದುಹೋಗುತ್ತೆ" ಅಂದೆ. ಮುಚ್ಚಳದ ಮೇಲಿನ ಕೆಂಡ ಸರಿಸಿ ತಿರುಗಿ ನೋಡುವಷ್ಟರಲ್ಲಿ ಬಾಗಿಲು ತೆರೆದಿತ್ತು, ಅವರಿರಲಿಲ್ಲ.

ಸಂಜೆ ಅವರನ್ನು ಇಲ್ಲಿಗೇ ತರುತ್ತೇನೆ. ಅವಳೂ ಬರುತ್ತಾಳೆ, ಅವಳಿಗೂ ಬೇರೆ ಯಾರೂ ಇಲ್ಲ. ಮುಖ ತಿರುಗಿಸಬೇಡ, ಕುಡಿಯಲು ಏನಾದರೂ ಕೊಡು.

ನೀನು ಕಟ್ಟಿದ ಬಾಲಯೇಸುವಿನ ಗೋದಲಿಯನ್ನು ನಡುಮನೆಯಿಂದ ತೆಗೆದುಬಿಡು, ಮಗಳೇ. ಶವಪೆಟ್ಟಿಗೆ ಇಡಲು ಬೇರೆ ಜಾಗವಿಲ್ಲ.

ಮಾಯ್